ಅಂಚೆಟ್ಟಿಯ ದೊಡ್ಡಹಳ್ಳ

ಗುಮ್ಮಳಾಪುರ ಗ್ರಾಮವಿರುವ ತಳಿ ಸೀಮೆಯ ಎತ್ತರದ ಬಯಲು ದಕ್ಷಿಣದಲ್ಲಿ ಅಂಚೆಟ್ಟಿಯ ಕಾಡುಗಳತ್ತ ಇಳಿಯುವಲ್ಲಿ, ಮಳೆನೀರನ್ನು ಕಾವೇರಿಗೆ ಒಯ್ಯುವ ಹಳ್ಳಗಳಲ್ಲಿ ದೊಡ್ಡಹಳ್ಳವು ಮುಖ್ಯವಾದುದು. ಹೊಸೂರಿನ ಬಳಿ ಹರಿಯುವ ದಕ್ಷಿಣ ಪಿನಾಕಿನಿಯು ಬೇರೆಯೇ ಹಾದಿ ಹಿಡಿದು ಬಂಗಾಳ ಕೊಲ್ಲಿಯನ್ನು ಸೇರುವುದರಿಂದ, ಎರಡು ನದಿಗಳ ನೀರನ್ನು ಬೇರ್ಪಡಿಸುವ ಏರುನೆಲ, ಅಂದರೆ ಜಲವಿಭಾಜಕವು, ಈ ಸೀಮೆಯಲ್ಲಿಯೇ ಹಾದುಹೋಗುತ್ತದೆ.

ಹಳ್ಳದ ನಿಜವಾದ ಹಿರಿಮೆ ತಿಳಿಯುವುದು ಬೇಸಗೆಯಲ್ಲಿ. ಮೇಲಿನ ಹರಿವು ನಿಂತರೂ ತಳದ ಗಟ್ಟಿ ಬಂಡೆಹಾಸು ನೀರನ್ನು ಇಂಗಗೊಡದೆ ಮರಳಿನೊಳಗೆ ತಡೆದಿಡುವುದರಿಂದ, ಒಣಗಿದ ಪಾತ್ರದಲ್ಲಿ ತೋಡಿದ ವರತೆಯಲ್ಲಿ, ಎಂದರೆ ಮರಳಿನ ಗುಂಡಿಯಲ್ಲಿ, ಮೊದಲು ಕದಡಾಗಿ ಒಸರುವ ನೀರು ಮೊಗೆದಂತೆಲ್ಲ ತಿಳಿಯಾಗುತ್ತದೆ. ಆನೆಗಳೂ ಕಾಲು ಮತ್ತು ಸೊಂಡಿಲಿನಿಂದ ಇಂಥವೇ ಗುಂಡಿಗಳನ್ನು ತೋಡುತ್ತವೆ. ಅವು ಕುಡಿದು ಬಿಟ್ಟ ನೀರು ಸಣ್ಣ ಪ್ರಾಣಿಗಳಿಗೂ ಒದಗುವುದು ಮನತುಂಬುವ ಸಂಗತಿ.

ದಂಡೆಯ ಹೊಳೆಮತ್ತಿ ಮರಗಳು ಬೇರುಗಳಿಂದ ಮಣ್ಣನ್ನು ಬಿಗಿಹಿಡಿದು, ಮೇಲೆ ಕೊಂಬೆಗೆ ಕೊಂಬೆ ಹೆಣೆದುಕೊಂಡು ನಿಲ್ಲುವುದರಿಂದ, ನೆಲಕ್ಕಿಳಿಯಲು ಅಂಜುವ ಅಪರೂಪದ ಬೂದು ದೈತ್ಯ ಅಳಿಲಿಗೆ ಅದೇ ಹಾದಿಯೂ ಮನೆಯೂ ಆಗಿದೆ. ಈ ಕಾಡುಗಳು 2014ರಲ್ಲಿ ಕಾವೇರಿ ಉತ್ತರ ವನ್ಯಜೀವಿಧಾಮವೆಂದು ಘೋಷಿತವಾದವು.