ಔತಣಕೂಟದಲ್ಲಿ ಅತಿಥಿ ಯಾರು?

ವಿವಾಹದ ಆಮಂತ್ರಣ ಪತ್ರಿಕೆಯನ್ನು ದಿನಾಂಕ, ಸಮಯ, ಸಭಾಂಗಣದ ಹೆಸರು ತಿಳಿಯುವುದಕ್ಕಷ್ಟೇ ಓದುವುದು ನಮ್ಮ ವಾಡಿಕೆ. ಇತ್ತೀಚಿನ ವರ್ಷಗಳಲ್ಲಿ ನಾನು ಅದನ್ನು ತುಸು ನಿಧಾನವಾಗಿ ಓದತೊಡಗಿದ್ದೇನೆ. ಹಿಂದಿನ ಪತ್ರಿಕೆಗಳಲ್ಲಿ ತಂದೆತಾಯಿಗಳು ಮಾತನಾಡುತ್ತಿದ್ದರು: ನಮ್ಮ ಮಗಳ ವಿವಾಹಕ್ಕೆ ತಾವು ಸಕುಟುಂಬ ಸಮೇತರಾಗಿ ಬಂದು ಹರಸಬೇಕು ಎಂಬುದು ಅದರ ಸಾರ. ಗತಿಸಿದ ಅಜ್ಜ ಅಜ್ಜಿಯರ ಹೆಸರೂ ಮೂಲೆಯಲ್ಲಿ ಇರುತ್ತಿತ್ತು. ಈಗಿನ ಪತ್ರಿಕೆಯಲ್ಲಿ ವಧೂವರರ ಹೆಸರುಗಳೆರಡು ಬಳ್ಳಿಯಂತೆ ಹೆಣೆದುಕೊಂಡಿರುತ್ತವೆ. ಕೆಳಗೆ ಸೂಚನೆಗಳು: ಅತಿಥಿಗಳು ತಿಳಿ ಗುಲಾಬಿ ಅಥವಾ ಕೆನೆಬಣ್ಣದ ಉಡುಪು ಧರಿಸಬೇಕು, ಬಲಿಪೂಜೆಯ ವೇಳೆ ಮೊಬೈಲಿನಲ್ಲಿ ಚಿತ್ರ ತೆಗೆಯಬಾರದು. ಎರಡನೆಯ ಸೂಚನೆಯನ್ನು ಕಂಡು ನಾನು ಸಂತೋಷಪಟ್ಟದ್ದುಂಟು. ಅದು ಸಂಸ್ಕಾರದ ಗೌರವಕ್ಕಾಗಿ ಹಾಕಿದ್ದಲ್ಲ, ಬಾಡಿಗೆ ಛಾಯಾಗ್ರಾಹಕನಿಗೆ ಅಡ್ಡಿಯಾಗದಿರಲೆಂದು ಎಂಬುದು ನನಗೆ ತಿಳಿದದ್ದು ಆಮೇಲೆ.

ಪತ್ರಿಕೆಯ ಧ್ವನಿಯಲ್ಲಾದ ಈ ಬದಲಾವಣೆಯೇ ಔತಣಕೂಟದ ರೂಪದಲ್ಲೂ ಆಗಿದೆ. ಕರಾವಳಿಯ ನಮ್ಮ ಕ್ರೈಸ್ತ ಮದುವೆಗಳ ಒಂದು ಸಂಜೆಯನ್ನು ನೆನೆಯಿರಿ. ಬಲಿಪೂಜೆ ಐದು ಗಂಟೆಗೆ ಮುಗಿಯುತ್ತದೆ. ಏಳಕ್ಕೆ ಔತಣಕೂಟವೆಂದು ಪತ್ರಿಕೆ ಹೇಳುತ್ತದೆ. ಜನ ಬಂದು ಕುಳಿತಿರುತ್ತಾರೆ. ವಧೂವರರು ಮಾತ್ರ ಕಡಲ ತೀರದಲ್ಲಿ ಸೂರ್ಯಾಸ್ತದ ಬೆಳಕಿನಲ್ಲಿ ಚಿತ್ರ ತೆಗೆಸಿಕೊಳ್ಳುತ್ತಿರುತ್ತಾರೆ. ಎಂಟೂ ಕಾಲಕ್ಕೆ ಕೃತಕ ಹೊಗೆಯ ನಡುವೆ ಪ್ರವೇಶ. ಬಳಿಕ ಕೇಕ್, ಟೋಸ್ಟ್, ಎಲ್‌ಇಡಿ ಪರದೆಯ ಮೇಲೆ ಪ್ರೇಮಕಥೆ, ಗೆಳೆಯರ ನೃತ್ಯ. ಇಂತಹ ಒಂದು ಸಂಜೆ ನನ್ನ ಪಕ್ಕದಲ್ಲಿ ವರನ ಜ್ಞಾನತಾಯಿ ಕುಳಿತಿದ್ದರು. ಎಪ್ಪತ್ತೈದು ದಾಟಿದ ಹೆಂಗಸು. ಮೂವತ್ತು ವರ್ಷಗಳ ಹಿಂದೆ ಆ ಹುಡುಗನನ್ನು ಜ್ಞಾನಸ್ನಾನದ ತೊಟ್ಟಿಯ ಬಳಿ ಎತ್ತಿ ಹಿಡಿದವರು. ಒಂಬತ್ತಾಗುತ್ತಿದ್ದಂತೆ ನನ್ನತ್ತ ಬಾಗಿ, "ಫಾದರ್, ಊಟಕ್ಕೆ ಇನ್ನೂ ಎಷ್ಟು ಹೊತ್ತಾದೀತು? ನಾನು ಇನ್ಸುಲಿನ್ ಚುಚ್ಚಿಕೊಂಡೇ ಬಂದಿದ್ದೇನೆ" ಎಂದರು. ನಾನೇ ಎದ್ದು ಅಡುಗೆಯವರ ಬಳಿ ಹೋದೆ. ಕಾರ್ಯಕ್ರಮ ಮುಗಿಯದೆ ಪಾತ್ರೆಯ ಮುಚ್ಚಳ ತೆರೆಯಬಾರದೆಂದು ತಮಗೆ ಆಜ್ಞೆಯಾಗಿದೆ ಎಂದರು. ಕೊನೆಗೆ ಬಡಿಸುವ ಹುಡುಗನೊಬ್ಬ ತನ್ನ ಪಾಲಿನ ಎರಡು ಸನ್ನಣಗಳನ್ನು ತಟ್ಟೆಯಲ್ಲಿಟ್ಟು ಕೊಟ್ಟ.

ಅಂದಿನ ಏರ್ಪಾಡಿನಲ್ಲಿ ಯಾವ ಲೋಪವೂ ಇರಲಿಲ್ಲ. ಹೂವಿನ ಅಲಂಕಾರಕ್ಕೆ ಅಭಿರುಚಿಯಿತ್ತು, ಧ್ವನಿವರ್ಧಕ ಕಿರುಚಲಿಲ್ಲ, ಎಂ.ಸಿ.ಯ ಹಾಸ್ಯ ಸಭ್ಯವಾಗಿತ್ತು. ನನ್ನ ಆಕ್ಷೇಪ ಅಭಿರುಚಿಯ ಕುರಿತಲ್ಲ. ಇಡೀ ಕಾರ್ಯಕ್ರಮ ಅತಿಥಿಯನ್ನು ಪ್ರೇಕ್ಷಕನನ್ನಾಗಿ ಮಾಡಿತ್ತು, ಅದೇ ನನ್ನ ತಕರಾರು. ಪ್ರೇಕ್ಷಕ ಕಾಯಬಲ್ಲ. ಚಪ್ಪಾಳೆ ತಟ್ಟುವುದಷ್ಟೇ ಅವನ ಕೆಲಸ. ಅತಿಥಿಯನ್ನು ಕಾಯಿಸುವುದು ಮಾತ್ರ ನಮ್ಮ ನಾಡಿನ ಯಾವ ಮನೆಯಲ್ಲೂ ಮರ್ಯಾದೆಯೆನಿಸದು.

ನಮ್ಮ ಹಿರಿಯರ ಮದುವೆಗಳಲ್ಲಿ ಸುಮ್ಮನೆ ಕುಳಿತು ನೋಡುವವರು ವಿರಳ. ಚಪ್ಪರ ಹಾಕುವವರು ನೆರೆಯವರು. ಮುನ್ನಾದಿನ ರೋಸ್ ಶಾಸ್ತ್ರದಲ್ಲಿ ತೆಂಗಿನ ಹಾಲು ಎರೆಯುವವರು ಬಂಧುಗಳು, ಒಬ್ಬರಾದ ಮೇಲೆ ಒಬ್ಬರು. ವೊವಿಯೊ ಹಾಡುವವರು ಕೇರಿಯ ಹೆಂಗಸರು. ಹಾಡಿನಲ್ಲಿ ಮನೆಯವರ ಹೆಸರುಗಳನ್ನು ಸೇರಿಸಿ ಆಗಿಂದಾಗ್ಗೆ ಕಟ್ಟುತ್ತಿದ್ದುದರಿಂದ, ಹಾಡಿಸಿಕೊಂಡವರಷ್ಟೇ ಹಾಡುವವರೂ ಆ ಮದುವೆಗೆ ಬೇಕಾದವರಾಗಿದ್ದರು. ಈ ಆಚರಣೆಗಳು ಸುಲಭವಾಗಿ ಉಳಿದು ಬಂದವೂ ಅಲ್ಲ. ಗೋವಾದ ಇನ್‌ಕ್ವಿಸಿಷನ್ 1736ರಲ್ಲಿ ಹೊರಡಿಸಿದ ಆಜ್ಞೆಯು ಮದುವೆಯಲ್ಲಿ ವೊವಿಯೊ ಹಾಡುವುದನ್ನೂ, ವಧೂವರರಿಗೆ ಅರಿಶಿನ, ತೆಂಗಿನೆಣ್ಣೆ ಮುಂತಾದವನ್ನು ಹಚ್ಚುವುದನ್ನೂ ನಿಷೇಧಿಸಿತ್ತು. ಗೋವಾದಿಂದ ಕೆನರಾಕ್ಕೆ ಬಂದು ನೆಲೆಸಿದ ನಮ್ಮ ಪೂರ್ವಜರ ನಡುವೆ ಈ ಪದ್ಧತಿಗಳು ಉಳಿದುಕೊಂಡವು. 1784ರ ಸೆರೆ ಮತ್ತು ಶ್ರೀರಂಗಪಟ್ಟಣದ ಬವಣೆಯ ಬಳಿಕವೂ ಉಳಿದವು. ಪವಿತ್ರ ಸಭೆಯೇ ಮುಂದೆ ದ್ವಿತೀಯ ವ್ಯಾಟಿಕನ್ ಮಹಾಸಭೆಯಲ್ಲಿ, 1963ರ ದೈವಾರಾಧನಾ ಸಂವಿಧಾನದ ಮೂಲಕ, ಆಯಾ ಪ್ರದೇಶದ ಶ್ಲಾಘನೀಯ ವಿವಾಹ ಪದ್ಧತಿಗಳನ್ನು ಉಳಿಸಿಕೊಳ್ಳಬೇಕೆಂದು ಹಾರೈಸಿತು. ಇಷ್ಟನ್ನೆಲ್ಲ ದಾಟಿ ಬಂದ ರೋಸ್ ಈಗ ಹಳದಿ ಬಣ್ಣದ ಸಮವಸ್ತ್ರದ ಡಿ.ಜೆ. ರಾತ್ರಿಯಾಗಿದೆ. ತೆಂಗಿನ ಹಾಲಿನ ಹಿಂದೆಯೇ ಮೊಟ್ಟೆ ಒಡೆದು, ಬಿಯರ್ ಸುರಿಯುವುದನ್ನು ನಾನು ಕಂಡಿದ್ದೇನೆ. ವೊವಿಯೊ ಬಲ್ಲ ಅಜ್ಜಿಯರು ಮೂಲೆಯ ಕುರ್ಚಿಯಲ್ಲಿ ಕಿವಿ ಮುಚ್ಚಿಕೊಂಡು ಕುಳಿತಿದ್ದರು.

ಹಳತೆಲ್ಲ ಹೊನ್ನೆಂದು ನಾನು ಹೇಳುತ್ತಿಲ್ಲ. ವಿಧವೆಯಾದ ತಾಯಿಯನ್ನು ಮಗಳ ಶಾಸ್ತ್ರದಿಂದ ಹಿಂದೆ ಸರಿಸುತ್ತಿದ್ದ ಮನೆಗಳಿದ್ದವು. ವರದಕ್ಷಿಣೆಯ ಲೆಕ್ಕ ಚಪ್ಪರದ ಹಿಂದೆಯೇ ನಡೆಯುತ್ತಿತ್ತು. ಇಂದು ವೆಡ್ಡಿಂಗ್ ಪ್ಲಾನರ್‌ಗೆ ಕೆಲಸ ಒಪ್ಪಿಸಿದ್ದರಿಂದ ವಧುವಿನ ತಂದೆ ಕೊನೆಯ ಗಳಿಗೆಯವರೆಗೆ ಬೆವರು ಸುರಿಸುತ್ತ ಓಡಾಡುವುದು ತಪ್ಪಿದೆಯೆಂದಾದರೆ ಅದು ಒಳ್ಳೆಯದೇ. ಅಣ್ಣತಮ್ಮಂದಿರೆಲ್ಲ ದುಬೈಯಲ್ಲೋ ಕೆನಡಾದಲ್ಲೋ ಇರುವಾಗ ಚಪ್ಪರ ಹಾಕಲು ನೆರೆಯವರೇ ಬರಬೇಕೆನ್ನುವುದೂ ನ್ಯಾಯವಲ್ಲ.

ನಮ್ಮ ಯುವಕರು ಶೈಲಿಯೆಂದು ಎರವಲು ತರುವುದರ ಮೂಲವನ್ನು ಒಮ್ಮೆ ನೋಡುವುದೂ ಒಳಿತು. ಬಿಳಿಯ ಉಡುಪು ಕ್ರೈಸ್ತ ಧರ್ಮದ ಕಟ್ಟಳೆಯೆಂದು ಅನೇಕರು ಭಾವಿಸಿದ್ದಾರೆ. ಅದು ಜನಪ್ರಿಯವಾದದ್ದು 1840ರಲ್ಲಿ ವಿಕ್ಟೋರಿಯಾ ರಾಣಿ ತನ್ನ ಮದುವೆಯಲ್ಲಿ ಅದನ್ನು ಧರಿಸಿದ ಮೇಲೆ. ವಧು ನಡೆದು ಬರುವಾಗ ನುಡಿಸುವ ಸುಪ್ರಸಿದ್ಧ ರಾಗ ವಾಗ್ನರ್‌ನ 'ಲೋಹೆಂಗ್ರಿನ್' ಎಂಬ ಒಪೆರಾದ್ದು. ಅದರ ಮೊದಲ ಪ್ರದರ್ಶನ 1850ರಲ್ಲಿ. ಅಲ್ಲಿ ಆ ಹಾಡು ಮುಗಿದ ಕೆಲವೇ ಹೊತ್ತಿನಲ್ಲಿ, ಅದೇ ರಾತ್ರಿ, ವಧೂವರರ ಸಂಬಂಧ ಮುರಿದುಬೀಳುತ್ತದೆ. ನಾನು ಯಾವ ವಧುವಿಗೂ ಇದನ್ನು ಮೊದಲೇ ಹೇಳಿ ಹೆದರಿಸಿಲ್ಲ!

ಕಾನಾ ಊರಿನ ಮದುವೆಯನ್ನು (ಯೊವಾ 2:1-11) ನಾವು ವಿವಾಹದ ಬಲಿಪೂಜೆಗಳಲ್ಲಿ ಎಷ್ಟು ಬಾರಿ ಓದಿದ್ದೇವೆ! ಆದರೂ ಒಂದು ಸಂಗತಿ ನನಗೆ ಹೊಳೆದದ್ದು ಆ ಜ್ಞಾನತಾಯಿಯ ಪಕ್ಕದಲ್ಲಿ ಕುಳಿತಿದ್ದ ಸಂಜೆ. ಆ ವೃತ್ತಾಂತದಲ್ಲಿ ವಧುವಿನ ಪ್ರಸ್ತಾಪವೇ ಇಲ್ಲ. ವರನ ಹೆಸರಿಲ್ಲ. ಅವನು ಬರುವುದು ಕೊನೆಯಲ್ಲಿ, ಔತಣದ ಮೇಲ್ವಿಚಾರಕ ಅವನನ್ನು ಕರೆದು ಹೊಗಳುವಾಗ. ತಾನು ಯಾತಕ್ಕೆ ಹೊಗಳಿಸಿಕೊಳ್ಳುತ್ತಿದ್ದೇನೆಂಬುದೂ ಅವನಿಗೆ ತಿಳಿದಿರಲಾರದು. ಸಂತ ಯೊವಾನ್ನರ ಕಣ್ಣು ನೆಟ್ಟಿರುವುದು ಅತಿಥಿಯಾಗಿ ಬಂದ ಒಬ್ಬ ತಾಯಿಯ ಮೇಲೆ, ನೀರು ತುಂಬಿದ ಸೇವಕರ ಮೇಲೆ, ಮತ್ತು ಒಂದು ಕೊರತೆಯ ಮೇಲೆ. ದ್ರಾಕ್ಷಾರಸ ತೀರಿತೆಂಬುದನ್ನು ಮಾತೆ ಮರಿಯಮ್ಮನವರು ಗಮನಿಸಿದರು. ಯೇಸುಸ್ವಾಮಿ ಜಿಪುಣತನವನ್ನೇನೂ ಬೋಧಿಸಲಿಲ್ಲ. ಆ ಆರು ಕಲ್ಲುಬಾನೆಗಳ ಅಳತೆಯನ್ನು ನಮ್ಮ ಲೆಕ್ಕಕ್ಕೆ ಇಳಿಸಿದರೆ ಸುಮಾರು 470ರಿಂದ 700 ಲೀಟರು! ಆದ್ದರಿಂದ ಸಮೃದ್ಧ ಔತಣವನ್ನು ಹಳಿಯಲು ಈ ಶುಭಸಂದೇಶ ನಮಗೆ ನೆರವಾಗದು. ಆ ಸಮೃದ್ಧಿ ಬಂದವರ ಬಾಯಿಗೆ ತಲುಪಿತು ಎಂಬುದಷ್ಟನ್ನೇ ಅದು ಹೇಳುತ್ತದೆ.

ಖರ್ಚಿನ ಬಗ್ಗೆ ಹೆಚ್ಚು ಬರೆಯಲಾರೆ; ಸಾಲ ಮಾಡಿದವರಿಗೆ ಅದು ಗೊತ್ತಿದೆ. ಪೋಪ್ ಫ್ರಾನ್ಸಿಸರು 2016ರ 'ಅಮೋರಿಸ್ ಲೆತಿತ್ಸಿಯ' ಉಪದೇಶಪತ್ರದ 212ನೇ ಪರಿಚ್ಛೇದದಲ್ಲಿ ಹಣಕ್ಕಿಂತ ಮುಂದೆ ಹೋಗಿ ಇನ್ನೊಂದು ನಷ್ಟವನ್ನು ಗುರುತಿಸಿದ್ದಾರೆ: ಉಡುಪು, ಆಮಂತ್ರಣ, ಔತಣಗಳ ಸಿದ್ಧತೆಯಲ್ಲೇ ಜೋಡಿಯ ಶಕ್ತಿಯೂ ಆನಂದವೂ ಸೋರಿಹೋಗಿ, ಅವರು ದಣಿದು ಬಲಿಪೀಠದ ಮುಂದೆ ಬಂದು ನಿಲ್ಲುತ್ತಾರೆ. ಇತರರಿಗಿಂತ ಭಿನ್ನವಾಗಿರುವ ಧೈರ್ಯ ಮಾಡಿರೆಂದು ಅವರು ಯುವಜನರನ್ನು ಕೇಳಿಕೊಂಡಿದ್ದರು. ವಿವಾಹದ ವಾಗ್ದಾನವನ್ನು ಉಚ್ಚರಿಸುವಾಗ ವರನ ಕಣ್ಣು ಕ್ಯಾಮೆರಾದತ್ತ ಹೊರಳುವುದನ್ನು ಎದುರಿಗೇ ನಿಂತು ನೋಡುವ ನಮಗೆ ಈ ಮಾತಿನ ತೂಕ ತಿಳಿಯುತ್ತದೆ. ನಮ್ಮ ಪಾಲಿನ ತಪ್ಪೂ ಇದೆ. ವಿವಾಹಪೂರ್ವ ಶಿಬಿರಗಳಲ್ಲಿ ನಾವು ಸಭೆಯ ಕಾನೂನನ್ನು ಗಂಟೆಗಟ್ಟಲೆ ಬೋಧಿಸುತ್ತೇವೆ. ಮದುವೆಗೆ ಬಂದವರನ್ನು ಹೇಗೆ ಉಪಚರಿಸಬೇಕೆಂದು ಅರ್ಧ ಗಂಟೆಯಾದರೂ ಮಾತನಾಡಿದ್ದು ನನಗೆ ನೆನಪಿಲ್ಲ.

ಹಾಗೆಂದು ಪ್ಲಾನರ್ ಬಂದಲ್ಲೆಲ್ಲ ಅತಿಥಿ ಮರೆಯಾಗಬೇಕೆಂದೇನೂ ಇಲ್ಲ. ಕಳೆದ ಪಾಸ್ಖ ಹಬ್ಬದ ನಂತರ ನಮ್ಮ ಧರ್ಮಕೇಂದ್ರದಲ್ಲೇ ಒಂದು ಮದುವೆ ನಡೆಯಿತು. ವಧು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದವಳು. ಅವಳೂ ಪ್ಲಾನರ್ ಇಟ್ಟುಕೊಂಡಿದ್ದಳು. ಎಲ್‌ಇಡಿ ಪರದೆಯೂ ಇತ್ತು. ಆದರೆ ಕಾರ್ಯಕ್ರಮ ಪಟ್ಟಿ ಸಿದ್ಧವಾಗುವಾಗಲೇ ಅವಳು ಎರಡು ಷರತ್ತು ಹಾಕಿದ್ದಳಂತೆ: ಚಿತ್ರಗಳನ್ನು ಹಿಂದಿನ ವಾರವೇ ತೆಗೆಸಿಕೊಳ್ಳುವುದು, ಎಪ್ಪತ್ತು ದಾಟಿದವರಿಗೂ ಮಕ್ಕಳಿಗೂ ಏಳೂವರೆಗೇ ಊಟ ಬಡಿಸುವುದು. ಟೋಸ್ಟ್ ಎತ್ತಿದ ಚಿಕ್ಕಪ್ಪ ನಗಿಸಿದ್ದು ಕಡಿಮೆ. ಎರಡೂ ಮನೆತನಗಳ ಹಿರಿಯರನ್ನು ಒಬ್ಬೊಬ್ಬರನ್ನಾಗಿ ಪರಿಚಯಿಸಿದರು. ಬಳಿಕ ಜೋಡಿ ವೇದಿಕೆಯಿಂದ ಇಳಿದು ಸಾಲು ಸಾಲಾಗಿ ಜನರ ಬಳಿಗೆ ಹೋಯಿತು. ಅಡುಗೆಯವರು ಕುಳಿತಿದ್ದ ಹಿಂಬದಿಯ ಜಗಲಿಯನ್ನೂ ಬಿಡಲಿಲ್ಲ. ಛಾಯಾಗ್ರಾಹಕ ಬೇಸರದಿಂದ ಹಿಂದೆ ಹಿಂದೆ ಓಡುತ್ತಿದ್ದ. ಕೇಕ್ ಕತ್ತರಿಸುವ ಹೊತ್ತಿಗೆ ವರನೇ ಕಾಣಿಸಲಿಲ್ಲ. ಊಟ ಮುಗಿಸಿ ಹೊರಟಿದ್ದ ತನ್ನ ಅಜ್ಜಿಯ ಗೆಳತಿಯೊಬ್ಬರನ್ನು ಆಟೋ ಹತ್ತಿಸಲು ಆತ ಗೇಟಿನವರೆಗೆ ಹೋಗಿದ್ದ. ಎಂ.ಸಿ. ಧ್ವನಿವರ್ಧಕ ಹಿಡಿದುಕೊಂಡು ಐದು ನಿಮಿಷ ಕಾಯಬೇಕಾಯಿತು.