ಲಸಿಕೆಯ ಮಾರ್ಗಸೂಚಿ ಮತ್ತು ವೈದ್ಯನ ವಿವೇಕ

ಮಾತು ಬಾರದ ಜೀವಿಯ ಮೈಗೆ ತಾಗಿಸುವ ಪ್ರತಿಯೊಂದು ಸೂಜಿಗೂ ತಕ್ಕ ಸಮರ್ಥನೆ ಇರಬೇಕು. ವಿಶ್ವ ಸಣ್ಣಪ್ರಾಣಿ ಪಶುವೈದ್ಯ ಸಂಘವು ನಾಯಿ, ಬೆಕ್ಕುಗಳಿಗಾಗಿ ರೂಪಿಸಿರುವ ಲಸಿಕಾ ಮಾರ್ಗಸೂಚಿ ಅಂತಹ ಸಮರ್ಥನೆಯನ್ನು ಒದಗಿಸುವ ಪ್ರಯತ್ನವಾಗಿದೆ. 2007ರಲ್ಲಿ ಮೊದಲಿಗೆ ಪ್ರಕಟವಾಗಿ, 2024ರಲ್ಲಿ ಮತ್ತೊಮ್ಮೆ ಪರಿಷ್ಕೃತವಾದ ಈ ಬರಹವನ್ನು ವೈದ್ಯರಷ್ಟೇ ಅಲ್ಲ, ಪ್ರಾಣಿಗಳನ್ನು ಸಾಕುವವರೂ ವಿವೇಚಿಸಬೇಕಾಗಿದೆ.

ಇದರ ತಿರುಳು ಎರಡು ಮಾತುಗಳಲ್ಲಿದೆ: ಹೆಚ್ಚು ಹೆಚ್ಚು ಪ್ರಾಣಿಗಳಿಗೆ ಲಸಿಕೆ ದೊರೆಯಲಿ, ಯಾವ ಪ್ರಾಣಿಗೂ ಅಗತ್ಯ ಮೀರಿ ಲಸಿಕೆ ಬೇಡ. ಮರಿಗೆ ತಾಯಿಯ ಗಿಣ್ಣುಹಾಲಿನಿಂದ ಬಂದ ಪ್ರತಿಕಾಯಗಳೇ ಲಸಿಕೆಯನ್ನು ನಿಷ್ಫಲಗೊಳಿಸಬಲ್ಲವು. ಅವು ಕುಂದುವ ಕಾಲ ಮರಿಯಿಂದ ಮರಿಗೆ ಬೇರೆ. ಆದ್ದರಿಂದ ಸರಣಿಯ ಕೊನೆಯ ಚುಚ್ಚುಮದ್ದು 16 ವಾರ ತುಂಬಿದ ಮೇಲೆಯೇ ಬೀಳಬೇಕೆಂದು ಮಾರ್ಗಸೂಚಿ ವಿಧಿಸುತ್ತದೆ. ಹತ್ತು ವಾರಕ್ಕೇ ಸರಣಿಯನ್ನು ಮುಗಿಸಿದ ಮರಿಯ ಚೀಟಿಯಲ್ಲಿ ಸಹಿಗಳೇನೋ ಇರುತ್ತವೆ; ಪಾರ್ವೊ ರೋಗದಿಂದ ರಕ್ಷಣೆ ಇಲ್ಲದಿರಬಹುದು.

ಪ್ರಾಯದ ನಾಯಿಯ ವಿಚಾರದಲ್ಲಿ ಪರಿಸ್ಥಿತಿ ತಿರುಗುಮುರುಗು. ಡಿಸ್ಟೆಂಪರ್, ಪಾರ್ವೊ, ಅಡಿನೊ ವೈರಸ್‌ಗಳ ವಿರುದ್ಧದ ಸಜೀವ ಲಸಿಕೆಯನ್ನು ಮೂರು ವರ್ಷಕ್ಕೊಮ್ಮೆಗಿಂತ ಹೆಚ್ಚಾಗಿ ಕೊಡಬೇಕಿಲ್ಲವೆಂದು ಮಾರ್ಗಸೂಚಿ ಹೇಳಿದರೂ, ವರ್ಷಕ್ಕೊಮ್ಮೆ ಎಲ್ಲವನ್ನೂ ಚುಚ್ಚುವ ರೂಢಿ ಅನೇಕ ಕಡೆ ಉಳಿದಿದೆ. ವಾರ್ಷಿಕ ಭೇಟಿಗೆ ಲಸಿಕೆಯೇ ನೆಪವಾಗಿರುವುದು ಇದಕ್ಕೊಂದು ಕಾರಣ. ಭೇಟಿ ಆರೋಗ್ಯ ತಪಾಸಣೆಗಾಗಿ ನಡೆಯಲಿ, ಲಸಿಕೆ ಅದರ ಒಂದು ಅಂಗವಷ್ಟೇ ಆಗಲಿ ಎಂಬ ಮಾರ್ಗಸೂಚಿಯ ಸಲಹೆ ಪ್ರಾಮಾಣಿಕವಾದುದು.

ಆದರೆ ಈ ಮಿತವ್ಯಯವನ್ನು ಕುರುಡಾಗಿ ಅನುಸರಿಸುವುದೂ ಅಪಾಯ. ಇಲಿಜ್ವರದ ಲಸಿಕೆಯ ರಕ್ಷಣೆ ಅಲ್ಪಕಾಲದ್ದು; ಅದನ್ನು ವರ್ಷಕ್ಕೊಮ್ಮೆ ಕೊಡಲೇಬೇಕು. ರೇಬೀಸ್ ಲಸಿಕೆಯ ಅಂತರವನ್ನು ಆಯಾ ಲಸಿಕೆಯ ಪರವಾನಗಿಯೂ ಸ್ಥಳೀಯ ನಿಯಮವೂ ನಿರ್ಧರಿಸುತ್ತವೆ. ‘ಮೂರು ವರ್ಷ’ವೆಂಬುದನ್ನು ಎಲ್ಲಕ್ಕೂ ಅನ್ವಯಿಸುವವನು ಮಾರ್ಗಸೂಚಿಯನ್ನು ಓದಿದವನಲ್ಲ.

ನಮ್ಮ ಮುಖ್ಯ ಆಕ್ಷೇಪ ಬೇರೆಯೇ ಇದೆ. ಎರಡು ಮಾತುಗಳಲ್ಲಿ ಎರಡನೆಯದನ್ನು ಚಿಕಿತ್ಸಾಲಯದ ಮೇಜಿನ ಮೇಲೆಯೇ ಪಾಲಿಸಬಹುದು. ಮೊದಲನೆಯದು ಮೇಜಿನ ತನಕ ಎಂದೂ ಬಾರದ ಜೀವಿಗಳನ್ನು ಕುರಿತದ್ದು. ರೇಬೀಸಿನ ಸರಪಣಿ ಕಡಿಯಲು ಒಂದು ಪ್ರದೇಶದ ನಾಯಿಗಳಲ್ಲಿ ಶೇಕಡ 70ರಷ್ಟಕ್ಕಾದರೂ ಲಸಿಕೆ ತಲುಪಬೇಕೆಂಬುದು ಅಂಗೀಕೃತ ಗುರಿ. ಗೋವಾ ರಾಜ್ಯವು 2021ರಲ್ಲಿ ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿತವಾದುದು ಬೀದಿ ಬೀದಿ ಅಲೆದು ನಾಯಿಗಳನ್ನು ಹಿಡಿದು ಲಸಿಕೆ ಹಾಕಿದ ವರ್ಷಗಳ ಶ್ರಮದಿಂದ. ವ್ಯಕ್ತಿಗತ ಚೀಟಿಗಳ ಪರಿಪೂರ್ಣತೆಯೊಂದರಿಂದಲೇ ಅದು ಸಾಧ್ಯವಾಗುತ್ತಿರಲಿಲ್ಲ.

ಮಾರ್ಗಸೂಚಿ ದಾರಿ ತೋರುವ ಕೈಕಂಬ, ನಡೆಯಬೇಕಾದವರು ನಾವು. ಸಾಕಿದ ನಾಯಿಗೆ ಅನವಶ್ಯಕ ಸೂಜಿಯನ್ನು ತಪ್ಪಿಸಿದವನು ಅರ್ಧ ಧರ್ಮವನ್ನು ಪಾಲಿಸಿದಂತಾಯಿತು. ಉಳಿದ ಅರ್ಧ ಅವನ ಮನೆಯ ಗೇಟಿನ ಹೊರಗೆ ಮಲಗಿದೆ.