ಹಲ್ಮಿಡಿ ಶಾಸನ ಅಚ್ಚಾಗಿದ್ದು ವಾರ್ಷಿಕ ವರದಿಯಲ್ಲಿ

ವಿಶ್ವವಿದ್ಯಾನಿಲಯವೊಂದರ ಇತಿಹಾಸ ವಿಭಾಗದವರು ಅಚ್ಚು ಹಾಕಿಸಿದ 'ಚಟುವಟಿಕೆಗಳು ಮತ್ತು ಸಾಧನೆಗಳು' ಎಂಬ ಪುಸ್ತಿಕೆಯನ್ನು ಮೊನ್ನೆ ಪೂರ್ತಿ ಓದಿದೆ. ಯಾವ ವಿಶ್ವವಿದ್ಯಾನಿಲಯ ಅಂತ ಹೇಳಲ್ಲ. ರಕ್ಷಾಪುಟದ ಮೇಲಿನ ಹೆಸರು ಬದಲಾಯಿಸಿದರೆ ಅದು ಯಾವ ವಿಶ್ವವಿದ್ಯಾನಿಲಯಕ್ಕಾದರೂ ಹೊಂದುತ್ತೆ, ನನ್ನ ಮೊದಲ ತಕರಾರೇ ಅದು. ನುಣುಪು ಕಾಗದ, ಬಣ್ಣದ ಫೋಟೊಗಳು. ದೀಪ ಬೆಳಗಿಸ್ತಿರೋರು, ಗಿಡಕ್ಕೆ ನೀರು ಹಾಕ್ತಿರೋರು, ಮೈಸೂರು ಪೇಟ ಹಾಕಿಸಿಕೊಂಡು ಕೂತಿರೋರು. ವಿಚಾರ ಸಂಕಿರಣ ಇಷ್ಟು, ವಿಶೇಷ ಉಪನ್ಯಾಸ ಇಷ್ಟು, ಲೇಖನ ಇಷ್ಟು, ಪಿಎಚ್.ಡಿ. ಇಷ್ಟು ಅಂತ ಕೋಷ್ಟಕಗಳು. ಆ ವರ್ಷ ಈ ವಿಭಾಗದ ಕೆಲಸದಿಂದ ಇತಿಹಾಸದ ಬಗ್ಗೆ ಹೊಸದಾಗಿ ಏನು ತಿಳೀತು? ಅದನ್ನು ಹೇಳೋ ಒಂದೇ ಒಂದು ವಾಕ್ಯ ಕೊನೇ ಪುಟದವರೆಗೂ ಸಿಗಲಿಲ್ಲ.

ನಾನು ಸಾಫ್ಟ್‌ವೇರ್ ಕೆಲಸದವನು. ನಮ್ಮಲ್ಲೂ ವಾರಕ್ಕೊಂದು ಸ್ಟೇಟಸ್ ರಿಪೋರ್ಟ್ ಕಳಿಸಬೇಕು. ಎಷ್ಟು ಮೀಟಿಂಗ್ ಆಯ್ತು ಅಂತ ಮಾತ್ರ ಬರೆದು ಕಳಿಸಿದರೆ ಮ್ಯಾನೇಜರ್ "ಅದೆಲ್ಲ ಸರಿ, ಕೆಲಸ ಏನಾಯ್ತು?" ಅಂತಾರೆ. ಇತಿಹಾಸ ವಿಭಾಗಕ್ಕೆ ಇಂಥ ಪ್ರಶ್ನೆ ಕೇಳೋದು ಅನ್ಯಾಯ, ಅಲ್ಲಿನ ಕೆಲಸ ಹಾಗೆ ತಟ್ಟೆಯಲ್ಲಿಟ್ಟು ತೋರಿಸುವಂಥದ್ದಲ್ಲ ಅನ್ನೋರಿದ್ದಾರೆ. ಅಂಥವರು ಮೈಸೂರಿನ 1936ರ ವರದಿಯನ್ನು ಒಮ್ಮೆ ತಿರುವಿ ಹಾಕಬೇಕು.

ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆ ಆಗ ಮೈಸೂರು ವಿಶ್ವವಿದ್ಯಾನಿಲಯದ ಜೊತೆಗಿತ್ತು. ಅದರ ಮುಖ್ಯಸ್ಥರಾಗಿದ್ದ ಎಂ.ಎಚ್. ಕೃಷ್ಣ ಇತಿಹಾಸದ ಪ್ರಾಧ್ಯಾಪಕರೂ ಹೌದು. ಪ್ರತಿ ವರ್ಷ ವಿಶ್ವವಿದ್ಯಾನಿಲಯದ ಹೆಸರಿನಲ್ಲಿ ಇಲಾಖೆಯ ವಾರ್ಷಿಕ ವರದಿ ಬರ್ತಿತ್ತು. ಅದರಲ್ಲೂ ಆಡಳಿತದ ವಿಷಯ ಇರುತ್ತೆ, ಸಿಬ್ಬಂದಿ, ಪ್ರವಾಸ ಎಲ್ಲ ಇರುತ್ತೆ. ಆದರೆ ಅದು ಕೆಲವೇ ಪುಟ. ಉಳಿದದ್ದೆಲ್ಲ ಸರಕು. ಆ ವರ್ಷ ನೋಡಿದ ದೇವಸ್ಥಾನಗಳ ವಿವರ, ಸಿಕ್ಕ ನಾಣ್ಯಗಳು, ಆಮೇಲೆ ಶಾಸನಗಳು. ಒಂದೊಂದು ಶಾಸನಕ್ಕೂ ಅದು ಯಾವ ಹಳ್ಳಿಯಲ್ಲಿ ಎಲ್ಲಿ ನಿಂತಿದೆ, ಕಲ್ಲಿನ ಅಳತೆ ಎಷ್ಟು, ಕನ್ನಡ ಲಿಪಿಯಲ್ಲಿ ಪಾಠ, ರೋಮನ್ ಲಿಪಿಯಲ್ಲಿ ಪಾಠ, ಇಂಗ್ಲಿಷ್ ಅನುವಾದ, ಟಿಪ್ಪಣಿ. ಬೇಲೂರು ತಾಲ್ಲೂಕಿನ ಹಲ್ಮಿಡಿಯ 16 ಸಾಲಿನ ಶಾಸನ ಲೋಕಕ್ಕೆ ಗೊತ್ತಾಗಿದ್ದು ಹೀಗೆ, 1936ರ ವಾರ್ಷಿಕ ವರದಿಯ ಒಂದು ಕ್ರಮಸಂಖ್ಯೆಯಾಗಿ. ಕನ್ನಡದ ಹಳಮೆಯ ಬಗ್ಗೆ ಎದೆ ತಟ್ಟಿಕೊಂಡು ಮಾತಾಡುವ ನಮ್ಮಲ್ಲಿ ಎಷ್ಟು ಜನಕ್ಕೆ ಅದರ ಮೂಲ ಒಂದು ಇಲಾಖಾ ವರದಿ ಅಂತ ಗೊತ್ತಿದೆ?

ಕೃಷ್ಣ ಹೇಳಿದ್ದೆಲ್ಲ ನಿಂತಿಲ್ಲ. ಹಲ್ಮಿಡಿಯ ಕಾಲವನ್ನು ಅವರು ಸುಮಾರು ಕ್ರಿ.ಶ. 450 ಅಂದರು, ಆಮೇಲಿನ ಕೆಲವರು ಅಷ್ಟು ಹಳೇದಲ್ಲ ಅಂದರು. ಚಿತ್ರದುರ್ಗದ ಹತ್ತಿರದ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಶಾಸನವನ್ನು ಅವರು ಓದಿ 1929ರ ವರದಿಯಲ್ಲಿ ಹಾಕಿದರು. ಅದರಲ್ಲಿ ಬರುವ ರಾಜಮನೆತನಗಳ ಹೆಸರುಗಳನ್ನು ಓದಿದ್ದೇ ಸರಿಯಿಲ್ಲ ಅಂತ ಆಮೇಲಿನ ವಿದ್ವಾಂಸರು ತಕರಾರು ತೆಗೆದರು. ನನಗೆ ಮುಖ್ಯ ಅನ್ನಿಸೋದು ಇದೇ. ಓದಿದ ಪಾಠವನ್ನು ಅಕ್ಷರ ಅಕ್ಷರವಾಗಿ ಮುಂದಿಟ್ಟಿದ್ದರಿಂದ ತಾನೇ ತಕರಾರು ತೆಗೆಯೋಕೆ ಆಗಿದ್ದು? 'ರಾಷ್ಟ್ರೀಯ ವಿಚಾರ ಸಂಕಿರಣ: 3' ಅನ್ನೋ ಸಾಲಿಗೆ ಯಾರು ಏನು ತಕರಾರು ತೆಗೆಯೋಕಾಗುತ್ತೆ? ಬ್ರಹ್ಮಗಿರಿ, ಚಂದ್ರವಳ್ಳಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದಾಗ, ಎರಡು ಕಡೆಯೂ ಕೃಷ್ಣ ಮೊದಲೇ ಅಗೆದಿದ್ದರು.

ಆಗ ಇಲಾಖೆ ಕೈಯಲ್ಲಿತ್ತು, ಈಗ ಅದು ಸರ್ಕಾರದ್ದು, ವಿಭಾಗ ಏನು ಮಾಡೋಕಾಗುತ್ತೆ ಅನ್ನಬಹುದು. ಸರಿ, ಶ್ರವಣಬೆಳಗೊಳ ನೋಡೋಣ. 1889ರಲ್ಲಿ ಬಿ.ಎಲ್. ರೈಸ್ ಅಲ್ಲಿನ 144 ಶಾಸನಗಳನ್ನು ಪ್ರಕಟಿಸಿದರು. 1923ರಲ್ಲಿ ಆರ್. ನರಸಿಂಹಾಚಾರ್ಯರ ಪರಿಷ್ಕೃತ ಸಂಪುಟ ಬಂದಾಗ ಅದು 500 ಆಯ್ತು. 1973ರಲ್ಲಿ ಮತ್ತೆ ಪರಿಷ್ಕರಿಸಿದಾಗ 573. ಈ ಕೊನೆಯದನ್ನು ಮಾಡಿದ್ದು ಪುರಾತತ್ವ ಇಲಾಖೆ ಅಲ್ಲ, ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ. ಅಂದರೆ ವಿಶ್ವವಿದ್ಯಾನಿಲಯದೊಳಗೇ, ಇತಿಹಾಸ ವಿಭಾಗದ ಪಕ್ಕದ ಮನೆಯವರು. ಧಾರವಾಡದಲ್ಲೂ ಅಷ್ಟೇ, ಕನ್ನಡ ಸಂಶೋಧನ ಸಂಸ್ಥೆ 1939ರಲ್ಲಿ ಶುರುವಾಗಿ ಎರಡೇ ವರ್ಷದಲ್ಲಿ ಶಾಸನ ಸಂಪುಟ ತರೋಕೆ ಆರಂಭಿಸಿತು. ಒಂದರ ಮೇಲೆ ಒಂದು ವರ್ಷನ್ ಬರ್ತಾ ಹೋಗೋ ಇಂಥ ಕೆಲಸ ನಮ್ಮ ಕಸುಬಿನವರಿಗೆ ಬಹಳ ಬೇಗ ಅರ್ಥ ಆಗುತ್ತೆ. ಹಿಂದಿನವರು ಮಾಡಿದ್ದನ್ನು ಬಿಸಾಕಲ್ಲ, ತಿದ್ದುತ್ತಾರೆ, ಸೇರಿಸುತ್ತಾರೆ, ನಂಬರ್ ಕೊಡುತ್ತಾರೆ.

ಇದರಿಂದ ಯಾರಿಗೆ ಏನು ಲಾಭ ಅಂದರೆ, ನಮ್ಮೂರಿನದೇ ಹೇಳ್ತೀನಿ. ಕೆರೆ ಏರಿ ಪಕ್ಕ ಒಂದು ಬರಹದ ಕಲ್ಲಿತ್ತು. ಕೆಳಗೆ ನಿಧಿ ಇದೆ ಅಂತ ಯಾರೋ ಅಮಾವಾಸ್ಯೆ ರಾತ್ರಿ ಬಂದು ಗುಂಡಿ ತೋಡಿ, ಕಲ್ಲು ಮಗುಚಿ ಎರಡು ಹೋಳಾಯ್ತು. ಮೇಲಿನ ಹೋಳು ಈಗ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಆ ಕಲ್ಲಿನ ಪೂರ್ತಿ ಪಾಠ ರೈಸ್ ಸಂಪುಟದಲ್ಲಿದೆ. ಕೆರೆ ಕಟ್ಟಿಸಿದವನಿಗೆ ಕೊಟ್ಟ ಗದ್ದೆಯ ಎಲ್ಲೆ ಯಾವುದು ಅಂತ ಅದರಲ್ಲಿದೆ, ಅದರಲ್ಲಿ ಹೇಳಿರೋ ಹಳ್ಳದ ಹೆಸರನ್ನು ನಮ್ಮಜ್ಜಿ ಹಾಗೇ ಹೇಳ್ತಿದ್ದಳು. ಪುಸ್ತಕದಲ್ಲಿ ಇಲ್ಲದ ಕಲ್ಲುಗಳ ಗತಿ ಏನು? ಚರಂಡಿಗೆ ಚಪ್ಪಡಿ, ಮನೆಗೆ ಮೆಟ್ಟಿಲು. ರೈಸ್ ಸಂಪುಟಗಳಲ್ಲಿ ಇರೋದು ಸುಮಾರು 9 ಸಾವಿರ ಶಾಸನ. ಆಮೇಲೆ ಸಿಕ್ಕಿದವು, ಇನ್ನೂ ಸಿಗ್ತಿರೋವು ಎಷ್ಟೋ.

ಹಾಗಾದರೆ ವಿಭಾಗದವರು ಸೋಮಾರಿಗಳಾ? ನನಗೆ ಹಾಗನ್ನಿಸಲ್ಲ. ಅವರಿಗೆ ಹಾಕಿಕೊಟ್ಟ ಫಾರ್ಮ್ ಹಾಗಿದೆ. ಯುಜಿಸಿ 2010ರಲ್ಲಿ ತಂದ ಎಪಿಐ ಅಂಕಗಳ ಲೆಕ್ಕದಲ್ಲಿ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಪ್ರಬಂಧ ಓದಿದರೆ 10, ರಾಷ್ಟ್ರೀಯ ಆದರೆ 7.5. ಸುಡುಬಿಸಿಲಲ್ಲಿ ಹೊಲ ಅಲೆದು, ಕಲ್ಲು ತೊಳೆದು, ಪಡಿಯಚ್ಚು ತೆಗೆದು, ಆರು ತಿಂಗಳು ಕೂತು ಓದುವುದಕ್ಕೆ ಅಂತ ಅಲ್ಲಿ ಬೇರೆ ಸಾಲಿಲ್ಲ. ಅದು ಲೇಖನವಾಗಿ ಬಂದರೆ ಲೇಖನದ ಅಂಕ ಅಷ್ಟೇ. ಹೀಗಿರುವಾಗ ಬಡ್ತಿಗೆ ಕಾಯ್ತಿರೋ ಮೇಷ್ಟ್ರು ಹೊಲಕ್ಕೆ ಹೋಗ್ತಾರಾ, ಎಸಿ ಹಾಲ್‌ಗೆ ಹೋಗ್ತಾರಾ? 2018ರಲ್ಲಿ ನಿಯಮ ಬದಲಾಯ್ತು, ಅಭ್ಯಾಸ ಉಳೀತು. ನ್ಯಾಕ್‌ನವರು ಬಂದಾಗ ತೋರಿಸೋಕೂ ಎಣಿಕೆಯೇ ಬೇಕು, ಫೋಟೊನೇ ಬೇಕು. ಇದರ ಮೇಲೆ ಖಾಲಿ ಹುದ್ದೆಗಳು, ಪಾಠದ ಭಾರ ಹೊರುತ್ತಿರೋ ಅತಿಥಿ ಉಪನ್ಯಾಸಕರು. ಅವರ ಹೆಸರು ಪುಸ್ತಿಕೆಯ ಸಾಧನೆಯ ಪಟ್ಟಿಯಲ್ಲಿ ಒಂದು ಕಡೆಯೂ ಕಾಣಲಿಲ್ಲ, ಅದನ್ನೂ ಹೇಳಿಬಿಡ್ತೀನಿ.

ಇಷ್ಟಾದರೂ ಇದೇ ವಿಭಾಗಗಳಲ್ಲಿ ಒಳ್ಳೆ ಕೆಲಸ ಆಗಿದೆ, ಆದರೆ ಅದು ಹೂತುಹೋಗಿದೆ. ಎಲ್ಲಿ ಅಂದರೆ ಪಿಎಚ್.ಡಿ. ಪ್ರಬಂಧಗಳ ಅನುಬಂಧದಲ್ಲಿ. 'ಇಂಥ ತಾಲ್ಲೂಕು: ಒಂದು ಸಾಂಸ್ಕೃತಿಕ ಅಧ್ಯಯನ' ಅನ್ನೋ ಧಾಟಿಯ ಪ್ರಬಂಧಗಳನ್ನು ನೋಡಿ ನಗೋರಿದ್ದಾರೆ. ಮೊದಲ ಅಧ್ಯಾಯಗಳು ಗೆಜೆಟಿಯರ್ ಕಾಪಿ ಅನ್ನೋ ಮಾತು ಎಷ್ಟೋ ಸಲ ನಿಜ. ಆದರೆ ಅನುಬಂಧ ತೆಗೆದು ನೋಡಿ. ಆ ತಾಲ್ಲೂಕಿನವನೇ ಆದ ಹುಡುಗ, ಬೈಕಿನಲ್ಲಿ ಹಳ್ಳಿ ಹಳ್ಳಿ ಸುತ್ತಿ, ಯಾವ ಸಂಪುಟದಲ್ಲೂ ಇಲ್ಲದ ವೀರಗಲ್ಲು, ಮಾಸ್ತಿಕಲ್ಲುಗಳ ಪಟ್ಟಿ ಮಾಡಿರ್ತಾನೆ. ಪದವಿ ಸಿಕ್ಕಿದ ಮೇಲೆ ಆ ಪಟ್ಟಿಯನ್ನು ಕೇಳೋರಿಲ್ಲ. ಶೋಧಗಂಗಾದಲ್ಲಿ ಪಿಡಿಎಫ್ ಹಾಕಿರ್ತಾರೆ ನಿಜ. ಆದರೆ ಕನ್ನಡದ ಎಷ್ಟೋ ಪ್ರಬಂಧಗಳು ಹಳೇ ನುಡಿ ಫಾಂಟಿನಲ್ಲಿ ಟೈಪ್ ಆಗಿವೆ, ಇಲ್ಲವೇ ಸ್ಕ್ಯಾನ್ ಮಾಡಿದ ಚಿತ್ರಗಳು. ಊರಿನ ಹೆಸರು ಕೊಟ್ಟು ಹುಡುಕಿದರೆ ಏನೂ ಸಿಗಲ್ಲ. ಕಾಪಿ ಮಾಡಿ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತೆ. ಇದನ್ನು ಯೂನಿಕೋಡ್‌ಗೆ ತರೋದು ದೊಡ್ಡ ಬ್ರಹ್ಮವಿದ್ಯೆ ಅಲ್ಲ, ಪರಿವರ್ತಕಗಳು ಎಷ್ಟೋ ವರ್ಷದಿಂದ ಇವೆ. ಯಾರೂ ಅದನ್ನು ತಮ್ಮ ಕೆಲಸ ಅಂದುಕೊಂಡಿಲ್ಲ ಅಷ್ಟೇ.

ಇಂಥ ಪಟ್ಟಿಗಳನ್ನು ಒಟ್ಟು ಮಾಡಿದರೆ ಏನು ಹುಟ್ಟುತ್ತೆ ಅನ್ನೋದಕ್ಕೆ ಪಕ್ಕದ ತಮಿಳುನಾಡು ನೋಡಬಹುದು. ವೈ. ಸುಬ್ಬರಾಯಲು ಶಾಸನಗಳಲ್ಲಿ ಬರುವ ಊರುಗಳನ್ನು ಒಂದೊಂದಾಗಿ ನಕ್ಷೆಯಲ್ಲಿ ಗುರುತಿಸಿ, ಚೋಳರ ಕಾಲದ 'ನಾಡು'ಗಳು ಎಲ್ಲೆಲ್ಲಿ ಇದ್ದವು ಅಂತ 1973ರ ಪುಸ್ತಕದಲ್ಲಿ ತೋರಿಸಿದರು. ಆಮೇಲೆ ಜಪಾನಿನ ನೊಬೊರು ಕರಾಶಿಮ, ತೋರು ಮತ್ಸುಯಿ ಜೊತೆ ಸೇರಿ ಚೋಳ ಶಾಸನಗಳಲ್ಲಿ ಬರುವ ಜನರ ಹೆಸರುಗಳ ಕೋಶವನ್ನೇ ಮಾಡಿದರು, 1978ರಲ್ಲಿ ಮೂರು ಸಂಪುಟ. ಕರಾಶಿಮ ಅದಕ್ಕೂ ಮೊದಲು ತಿರುಚಿರಾಪಳ್ಳಿ ಕಡೆಯ ಎರಡು ಊರುಗಳನ್ನು ಅಕ್ಕಪಕ್ಕ ಇಟ್ಟು ನೋಡಿದ್ದರು. ಈಶಾನಮಂಗಲ ಅನ್ನೋ ಬ್ರಾಹ್ಮಣರ ಅಗ್ರಹಾರದಲ್ಲಿ ಭೂಮಿ ಒಬ್ಬೊಬ್ಬರ ಹೆಸರಿನಲ್ಲಿ, ಅಲ್ಲೂರು ಅನ್ನೋ ಒಕ್ಕಲಿನವರ ಊರಲ್ಲಿ ಊರೊಟ್ಟಿನ ಹೆಸರಿನಲ್ಲಿ. ಬರೀ ಯಾರು ಮಾರಿದರು, ಯಾರು ಕೊಂಡರು ಅಂತ ಪಟ್ಟಿ ಹಾಕಿದ್ದಕ್ಕೆ ಗೊತ್ತಾದ ವಿಷಯ ಇದು. ನಮ್ಮಲ್ಲಿ ಗಂಗವಾಡಿ 96000, ನೊಳಂಬವಾಡಿ 32000, ಬನವಾಸಿ 12000 ಅಂತ ಶಾಸನಗಳು ಹೇಳ್ತಾ ಬಂದಿವೆ. ಆ ಅಂಕಿ ಹಳ್ಳಿಯ ಲೆಕ್ಕವೋ ಹುಟ್ಟುವಳಿಯ ಲೆಕ್ಕವೋ ಅಂತ ಇನ್ನೂ ವಾದ ನಡೀತಾನೇ ಇದೆ. ಅಷ್ಟೂ ತಾಲ್ಲೂಕಿನ ಪ್ರಬಂಧಗಳನ್ನು ಒಂದೇ ಟೇಬಲ್ಲಿಗೆ ತಂದರೆ ಆ ವಾದ ಒಂದು ಹೆಜ್ಜೆಯಾದರೂ ಮುಂದೆ ಹೋದೀತು.

ನಮ್ಮ ಐಟಿಯವರು ಸುಮ್ಮನೆ ಕೂತಿಲ್ಲ. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯ ಯೋಜನೆಯಲ್ಲಿ ಕಲ್ಲು ಕಲ್ಲಿಗೂ 3ಡಿ ಸ್ಕ್ಯಾನ್ ನಡೀತಿದೆ, ಅದರ ಹಿಂದೆ ಇರೋರಲ್ಲಿ ಇಂಜಿನಿಯರುಗಳಿದ್ದಾರೆ. 2018ರಲ್ಲಿ ಹೆಬ್ಬಾಳದಲ್ಲಿ ಗಂಗ ಶ್ರೀಪುರುಷನ ಕಾಲದ ಕಿತ್ತಯ್ಯನ ವೀರಗಲ್ಲು ಸಿಕ್ಕಾಗ ಅದನ್ನು ಉಳಿಸಿಕೊಂಡಿದ್ದೂ ಆಸಕ್ತ ನಾಗರಿಕರೇ. ಖುಷಿಯ ವಿಷಯ. ಆದರೆ ಸ್ಕ್ಯಾನರ್ ಅಕ್ಷರ ತೋರಿಸುತ್ತೆ, ಓದಲ್ಲ. ಎಂಟನೇ ಶತಮಾನದ ಲಿಪಿ, ಹಳಗನ್ನಡ ವ್ಯಾಕರಣ, ಆ ಕಾಲದ ಭೂಮಾನ, ತೆರಿಗೆಯ ಪದಗಳು, ಇವನ್ನು ಬಲ್ಲವರು ಬೇಕು. ಅಂಥವರನ್ನು ತಯಾರು ಮಾಡಬೇಕಾದ್ದು ಇತಿಹಾಸ ವಿಭಾಗ. ನಾನು ಓದಿದ ಪುಸ್ತಿಕೆಯಲ್ಲಿ 'ಶಾಸನಶಾಸ್ತ್ರ' ಒಂದು ಐಚ್ಛಿಕ ಪತ್ರಿಕೆ ಅಂತ ಇತ್ತು. ಅದನ್ನು ಎಷ್ಟು ಜನ ತಗೊಂಡರು, ಅದರಲ್ಲಿ ಎಷ್ಟು ಹುಡುಗರು ಒಂದು ಕಲ್ಲನ್ನಾದರೂ ತಾವೇ ಓದಿದರು ಅಂತ ಇರಲಿಲ್ಲ. ಸಂಕಿರಣದ ಊಟಕ್ಕೆ ಎಷ್ಟು ಜನ ಬಂದಿದ್ದರು ಅನ್ನೋ ಲೆಕ್ಕ ಮಾತ್ರ ಪಕ್ಕಾ ಇತ್ತು.

ಆ ವಿಭಾಗದಲ್ಲಿ ಕಳೆದ ವರ್ಷಗಳಲ್ಲಿ ಪಾಸಾದ ಪ್ರಬಂಧಗಳ ಅನುಬಂಧಗಳನ್ನು ತೆಗೆದು, ಊರು, ಕಲ್ಲು ಇರುವ ಜಾಗ, ಅಳತೆ, ಪಾಠ, ಫೋಟೊ ಇಷ್ಟನ್ನು ಯೂನಿಕೋಡಿನಲ್ಲಿ ಮುಂದಿನ ಪುಸ್ತಿಕೆಗೆ ಸೇರಿಸಲಿ. ಎಂ.ಎ. ವಿದ್ಯಾರ್ಥಿಗಳು ಒಂದು ಸೆಮಿಸ್ಟರಿನಲ್ಲಿ ಮಾಡಿ ಮುಗಿಸಬಹುದಾದ ಕೆಲಸ, ಬೇಕಿದ್ದರೆ ಫಾಂಟ್ ಪರಿವರ್ತನೆ ಶನಿವಾರ ಭಾನುವಾರ ಕೂತು ನಾನೇ ಮಾಡಿಕೊಡ್ತೀನಿ. ಪುಸ್ತಿಕೆ ಒಂದಿಷ್ಟು ಪುಟ ದಪ್ಪ ಆಗಬಹುದು. ದೀಪ ಬೆಳಗಿಸೋ ಫೋಟೊಗಳನ್ನು ಒಂದೇ ಪುಟಕ್ಕೆ ಇಳಿಸಿದರೆ ಅದೂ ಆಗಲಿಕ್ಕಿಲ್ಲ.